12/10 ಅಂದ್ರೆ ಅಕ್ಟೋಬರೋ ಡಿಸೆಂಬರೋ? ಒಂದು ರೂಮಿನ ಜಗಳ

ಮಂಜುಮುಸುಕು
ಎಲ್ಲರಿಗೂ ನಮಸ್ಕಾರ. ನಮ್ಮದು ಗಾಳಿಬೀಡು ಕಡೆ ಒಂದು ಸಣ್ಣ ಹೋಂಸ್ಟೇ. 2024ರಲ್ಲಿ ಅಮೆರಿಕದ ಒಬ್ಬರು ಇಮೇಲ್ ಹಾಕಿ, 12/10ರಿಂದ ಮೂರು ರಾತ್ರಿ ರೂಮು ಬೇಕು ಅಂದರು. ಅಡ್ವಾನ್ಸೂ ಕಳಿಸಿದರು. ನಾನು "12/10 ಖಾತ್ರಿ" ಅಂತ ಉತ್ತರ ಕೊಟ್ಟೆ. ಅವರು "ಬಹಳ ಸಂತೋಷ" ಅಂದರು. ಇಬ್ಬರೂ ಖುಷಿ.

ಆ ವರ್ಷ ಅಕ್ಟೋಬರ್ 12 ವಿಜಯದಶಮಿ. ಮಡಿಕೇರಿಯಲ್ಲಿ ದಶಮಂಟಪ ಮೆರವಣಿಗೆಯ ರಾತ್ರಿ. ಅವತ್ತು ಊರಲ್ಲಿ ರೂಮು ಸಿಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಕೇಳಿಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸಿ ರೂಮು ಹಿಡಿದಿಟ್ಟೆ. ರಾತ್ರಿ ಹತ್ತಾದರೂ ಆಸಾಮಿ ಬರಲಿಲ್ಲ. ಫೋನ್ ಮಾಡಿದರೆ "ನಾನು ಬರುವುದು ಡಿಸೆಂಬರ್ 10ಕ್ಕೆ ಅಲ್ವಾ" ಅಂತಾರೆ!

ಡಿಸೆಂಬರಿನಲ್ಲಿ ಬಂದು ಉಳಿದುಕೊಂಡೂ ಹೋದರು, ಒಳ್ಳೆಯ ಜನ. ಆದರೆ ದಸರಾದ ಮೂರು ರಾತ್ರಿಯ ಬಾಡಿಗೆ ಯಾರ ತಲೆಗೆ? ಹಳೆ ಅಡ್ವಾನ್ಸ್ ಆ ಖಾಲಿ ರಾತ್ರಿಗಳಿಗೇ ಹೋಯಿತು, ಹೊಸದಾಗಿ ಪೂರ್ತಿ ಕೊಡಿ ಅಂತ ನಾನು. ಕೊಡಲ್ಲ ಅಂತ ಅವರು. ಇವತ್ತಿಗೂ ಇಮೇಲ್‌ನಲ್ಲಿ ಎಳೆದಾಟ ನಡೆದಿದೆ. ನೀವೇ ಹೇಳಿ.

ಸುಮ್ನೆ_ಓದುವವ
ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಮೈಲಿ, ಪೌಂಡು, ಫ್ಯಾರನ್‌ಹೀಟ್ ಸಾಲದು ಅಂತ ತಿಂಗಳು ಬೇರೆ ಮೊದಲು. ಅವರದ್ದೇ ತಪ್ಪು. ಅಡ್ವಾನ್ಸ್ ಕೊಡಬೇಡಿ.

ಕೋಡಿಂಗ್_ಕುಶಾಲನಗರ
ಅಣ್ಣಾ, ಒಂದೇ ಪ್ರಶ್ನೆ. ಇಮೇಲ್‌ನಲ್ಲಿ ವಾರ ಬರೆದಿದ್ರಾ? 2024ರ ಅಕ್ಟೋಬರ್ 12 ಶನಿವಾರ, ಡಿಸೆಂಬರ್ 10 ಮಂಗಳವಾರ. "ಶನಿವಾರ 12/10" ಅಂತ ಬರೆದಿದ್ದರೆ ಆ ಮನುಷ್ಯ ಅಲ್ಲೇ ಎಚ್ಚರ ಆಗ್ತಿದ್ದ.

ಇನ್ನೊಂದು ವಿಷಯ. 13ನೇ ತಾರೀಕಿನಿಂದ ಆಚೆಗೆ ಈ ಗೊಂದಲವೇ ಇಲ್ಲ, 13ನೇ ತಿಂಗಳು ಅಂತ ಒಂದಿಲ್ಲವಲ್ಲ. ತೊಂದರೆ ಇರುವುದು ಪ್ರತಿ ತಿಂಗಳ ಮೊದಲ 12 ದಿನಕ್ಕೆ ಮಾತ್ರ. ಅದರಲ್ಲೂ 5/5, 8/8 ಥರದವು ಹೇಗೆ ಓದಿದರೂ ಒಂದೇ. 12 ತಿಂಗಳಿಗೆ 12 ದಿನದಂತೆ 144, ಅದರಲ್ಲಿ ಆ 12 ಕಳೆದರೆ ವರ್ಷಕ್ಕೆ 132 ದಿನ ಅಪಾಯದ ದಿನಗಳು. ನಿಮ್ಮ ಗ್ರಹಚಾರಕ್ಕೆ ವಿಜಯದಶಮಿ ಅದರೊಳಗೇ ಬಂತು.

ಮಂಜುಮುಸುಕು
ವಾರ ನಾನೂ ಬರೆದಿಲ್ಲ, ಅವರೂ ಬರೆದಿಲ್ಲ. ಆದರೆ ಬರುವವರು ಅವರು ತಾನೇ? ಕೊಡಗಿಗೆ ಬರುವಾಗ ಇಲ್ಲಿನ ಕ್ರಮ ಏನು ಅಂತ ಕೇಳಿಕೊಳ್ಳಬೇಕಿತ್ತು.

ಟೊರೊಂಟೊ_ಪೊನ್ನಂಪೇಟೆ
ಮಂಜಣ್ಣ, ದುಡ್ಡು ತಗೊಳ್ಳುವವರು ಕೇಳಬೇಕು, ಕೊಡುವವರಲ್ಲ. ಬೇರೆ ದೇಶದವರ ಜೊತೆ ವ್ಯವಹಾರ ಮಾಡುತ್ತೇನೆ ಅಂತ ವೆಬ್‌ಸೈಟ್ ಹಾಕಿಕೊಂಡಿದ್ದೀರಿ. ಅವರು ತಾರೀಕು ಹೇಗೆ ಬರೆಯುತ್ತಾರೆ ಅಂತ ತಿಳಿದಿರಬೇಕಾದ್ದು ನೀವು.

ಅಮೆರಿಕದವರನ್ನಾದರೂ ನಂಬಬಹುದು, ಯಾವಾಗಲೂ ಒಂದೇ ಥರ ಬರೆಯುತ್ತಾರೆ. ನಾನಿರುವ ಕೆನಡಾದಲ್ಲಿ ಮೂರೂ ಇವೆ. ಬ್ರಿಟಿಷರಿಂದ ಬಂದ ದಿನ ಮೊದಲು, ಪಕ್ಕದ ಮನೆಯಿಂದ ಬಂದ ತಿಂಗಳು ಮೊದಲು, ಕೇಂದ್ರ ಸರ್ಕಾರದ ಕಾಗದದಲ್ಲಿ ವರ್ಷ ಮೊದಲು. ಒಂದೇ ದಿನ ಬ್ಯಾಂಕಿನಲ್ಲಿ ಒಂದು ಥರ, ಡಾಕ್ಟರ ಹತ್ತಿರ ಇನ್ನೊಂದು ಥರ ಬರೆದು ಬರುತ್ತೇನೆ.

ಇಲ್ಲಿ ತಿಂಡಿ ಪೊಟ್ಟಣದ ಮೇಲೆ ತಿಂಗಳಿಗೆ ಎರಡು ಅಕ್ಷರ ಹಾಕುತ್ತಾರೆ. ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಹೊಂದುವ ಹಾಗೆ. ಎಂಎ ಅಂದರೆ ಮಾರ್ಚ್ ಅಲ್ಲ, ಮೇ. ಮಾರ್ಚಿಗೆ ಎಂಆರ್. ಏಪ್ರಿಲ್‌ಗೆ ಎಎಲ್. ಬಂದ ಹೊಸತರಲ್ಲಿ ಚೆನ್ನಾಗಿರುವ ಮೊಸರನ್ನೆಲ್ಲ ಹಳೇದು ಅಂತ ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದೆ.

ನಿವೃತ್ತ_ಸುಬೇದಾರ್
ನಮಸ್ಕಾರ ಮಕ್ಕಳೇ. ಈ ಜಗಳಕ್ಕೆ ಸೈನ್ಯದಲ್ಲಿ ಯಾವತ್ತೋ ಔಷಧಿ ಸಿಕ್ಕಿದೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಅಕ್ಷರದಲ್ಲಿ ಬರೆಯಿರಿ. ಅಷ್ಟೇ. 12 ಅಕ್ಟೋಬರ್ 24 ಅಂತ ಬರೆದರೆ ಯಾವ ದೇಶದವನಿಗೂ ಅದು ಡಿಸೆಂಬರ್ ಆಗಿ ಕಾಣುವುದಿಲ್ಲ.

ಸಿಗ್ನಲ್ ಕಳಿಸುವಾಗ ದಿನ, ಗಂಟೆ, ನಿಮಿಷ ಸೇರಿಸಿ ಆರು ಅಂಕಿ, ಆಮೇಲೆ ತಿಂಗಳ ಅಕ್ಷರ, ಆಮೇಲೆ ವರ್ಷ. 12ನೇ ತಾರೀಕು ಸಂಜೆ ಆರೂವರೆ ಅಂದರೆ 121830 ಅಕ್ಟೋಬರ್. ಅಮೆರಿಕದ ಸೈನ್ಯವೂ ಇದನ್ನೇ ಬಳಸುತ್ತದೆ. ಅಂದರೆ ಮನೆಯಲ್ಲಿ ತಿಂಗಳು ಮೊದಲು, ಸಮವಸ್ತ್ರ ಹಾಕಿದ ಮೇಲೆ ದಿನ ಮೊದಲು. ಅವರ ಪಾಸ್‌ಪೋರ್ಟಿನಲ್ಲೂ ದಿನ, ತಿಂಗಳ ಅಕ್ಷರ, ವರ್ಷ, ಅದೇ ಕ್ರಮ. ಗೊಂದಲ ಆಗುತ್ತದೆ ಅಂತ ಅವರಿಗೂ ಗೊತ್ತು.

ಕಾರ್ಯಪ್ಪನವರು ಸೈನ್ಯದ ಹೊಣೆ ವಹಿಸಿಕೊಂಡದ್ದು 15 ಜನವರಿ 1949. ಆರ್ಮಿ ಡೇ ಬಗ್ಗೆ ಯಾರಿಗಾದರೂ ಗೊಂದಲ ಆಗಿದೆಯಾ?

ಸುಮ್ನೆ_ಓದುವವ
ಸುಬೇದಾರ್ ಸರ್, 15 ಅಂದ ಮೇಲೆ ಅಂಕಿಯಲ್ಲಿ ಬರೆದರೂ ಗೊಂದಲ ಇಲ್ಲ. ಮೇಲೆ ಕೋಡಿಂಗ್ ಹೇಳಿದ್ದಾರಲ್ಲ, 13 ದಾಟಿದರೆ ಸೇಫ್. 😄

ನಿವೃತ್ತ_ಸುಬೇದಾರ್
ಸರಿ ಮಾರಾಯ, ಉದಾಹರಣೆ ತಪ್ಪು. ಮದ್ದು ಸರಿ ಇದೆ.

ಟೀಚರಮ್ಮ_ಸೋಮವಾರಪೇಟೆ
ಎಲ್ಲರೂ ಅಮೆರಿಕದವರ ಮೇಲೆ ಬೀಳುತ್ತಿದ್ದೀರಿ. ಒಂದು ಪರೀಕ್ಷೆ ಮಾಡೋಣ. ಸ್ವಾತಂತ್ರ್ಯ ದಿನ ಯಾವತ್ತು ಅಂತ ಯಾವ ಮಗುವನ್ನಾದರೂ ಕೇಳಿ. "ಆಗಸ್ಟ್ ಹದಿನೈದು" ಅನ್ನುತ್ತದೆ. ಗಣರಾಜ್ಯೋತ್ಸವ ಜನವರಿ ಇಪ್ಪತ್ತಾರು. ಗಾಂಧಿ ಜಯಂತಿ ಅಕ್ಟೋಬರ್ ಎರಡು. ರಾಜ್ಯೋತ್ಸವ ನವೆಂಬರ್ ಒಂದು. ಬಾಯಲ್ಲಿ ನಾವೂ ತಿಂಗಳು ಮೊದಲೇ ಹೇಳುವುದು! ಅಮೆರಿಕದವರು ಬಾಯಲ್ಲಿ ಹೇಳಿದ ಹಾಗೇ ಕೈಯಲ್ಲಿ ಬರೆಯುತ್ತಾರೆ. ನಾವು ಹೇಳುವುದು ಒಂದು, ಬರೆಯುವುದು ಇನ್ನೊಂದು. 15/8 ಅಂತ ಬರೆದು "ಆಗಸ್ಟ್ 15" ಅಂತ ಓದುತ್ತೇವೆ. ಇಬ್ಬರಲ್ಲಿ ಯಾರದು ವಿಚಿತ್ರ?

ಸುಮ್ನೆ_ಓದುವವ
ಮೇಡಂ, ಅದು ಹೇಗೆ? ಮುಂಬೈ ದಾಳಿಗೆ ನಾವು 26/11 ಅನ್ನುತ್ತೇವೆ, ಅವರ ದಾಳಿಗೆ ಅವರು 9/11 ಅನ್ನುತ್ತಾರೆ. ನಮ್ಮದು ದಿನ ಮೊದಲು.

ಟೀಚರಮ್ಮ_ಸೋಮವಾರಪೇಟೆ
ಅದು ಟಿವಿಯವರು ಅಮೆರಿಕದ್ದನ್ನು ನೋಡಿ ಕಟ್ಟಿದ ಹೆಸರು, ನಮ್ಮ ಅಂಕಿಯಲ್ಲಿ. ನಾನು ಹೇಳಿದ್ದು ಮಾತಿನ ವಿಷಯ. ನಿಮ್ಮ ಮದುವೆ ಯಾವತ್ತು ಅಂದರೆ "ಐದು ಮೇ" ಅಂತೀರಾ, "ಮೇ ಐದು" ಅಂತೀರಾ?

ಸುಮ್ನೆ_ಓದುವವ
ಮದುವೆ ಆಗಿಲ್ಲ ಮೇಡಂ.

ಆಟಿಸೊಪ್ಪು
ಟೀಚರಮ್ಮ ಹೇಳಿದ್ದಕ್ಕೆ ನಮ್ಮ ಊರಿನದ್ದೇ ಸಾಕ್ಷಿ ಇದೆ. ಆಟಿ 18, ಅಂದರೆ ಆಟಿ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ! ಕೊಡವರು ಕಕ್ಕಡ ಪದಿನೆಟ್ಟ್ ಅಂತಾರೆ. ತಿಂಗಳ ಹೆಸರು ಮೊದಲು, ದಿನದ ಅಂಕಿ ಆಮೇಲೆ. ಯಾರೂ "18 ಆಟಿ" ಅಂದದ್ದು ನಾನು ಕೇಳಿಲ್ಲ. ಆ ದಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಆಗಸ್ಟ್ 3. ನಮ್ಮ ಬರಹದಲ್ಲಿ 3/8. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ "3/8ಕ್ಕೆ ಮದ್ದು ಸೊಪ್ಪಿನ ಪಾಯಸ, ವಿಡಿಯೋ ಕಾಲ್ ಮಾಡು" ಅಂತ ಮೆಸೇಜ್ ಹಾಕಿದರೆ, ಅವನ ಅಲ್ಲೇ ಹುಟ್ಟಿದ ಮಗಳು ಅದನ್ನು ಮಾರ್ಚ್ 8 ಅಂತ ಗುರುತು ಹಾಕಿಕೊಂಡಿದ್ದಳು. ಮಾರ್ಚಿನಲ್ಲಿ ಎಲ್ಲಿಯ ಮದ್ದು ಸೊಪ್ಪು?

ಟೊರೊಂಟೊ_ಪೊನ್ನಂಪೇಟೆ
ಅಯ್ಯೋ ಆ ಪಾಯಸ ನೆನಪಿಸಬೇಡಿ. ಆ ನೇರಳೆ ಬಣ್ಣ, ತೆಂಗಿನ ಹಾಲು, ಮೇಲೆ ತುಪ್ಪ. ಇಲ್ಲಿ ಯಾವ ಅಂಗಡಿಯಲ್ಲೂ ಆ ಸೊಪ್ಪು ಸಿಗಲ್ಲ. ಒಣಗಿಸಿ ಕಳಿಸಿದರೆ ಬಣ್ಣ ಬಿಡುತ್ತಾ?

ಆಟಿಸೊಪ್ಪು
ಅವತ್ತಿನ ದಿನವೇ ಕಿತ್ತು ಕುದಿಸಿದರೆ ಮಾತ್ರ ಅದರ ಗಮ್ಮತ್ತು. ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಮೂತ್ರದ ಕೆಂಪು ಬಣ್ಣ ನೋಡಿ ಗಾಬರಿ ಆಗುವುದೂ ಆವಾಗಲೇ.

ಮಳೆಲೆಕ್ಕ
ಮೊದಲ ಸಲ ತಿಂದ ಬೆಂಗಳೂರಿನ ಅಳಿಯಂದಿರು ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡುವುದು ನಮ್ಮಲ್ಲಿ ವರ್ಷವರ್ಷದ ಕಾರ್ಯಕ್ರಮ.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ಪಾಯಸಕ್ಕೆ ಅಡುಗೆ ವಿಭಾಗ ಇದೆ. ಆಟಿಯೋ ಕಕ್ಕಡವೋ ಅನ್ನುವ ಜಗಳ ಇಲ್ಲಿ ಶುರು ಮಾಡಬೇಡಿ, ಹೋದ ವರ್ಷದ್ದೇ ಇನ್ನೂ ಮುಗಿದಿಲ್ಲ.

ಬ್ಯಾಂಕ್_ಕೌಂಟರ್
ನನ್ನ ಅನುಭವ ಹೇಳುತ್ತೇನೆ. ಈಗಿನ ಚೆಕ್ ಮೇಲೆ ಎಂಟು ಚೌಕ ಇರುತ್ತದೆ. ಎರಡು ದಿನಕ್ಕೆ, ಎರಡು ತಿಂಗಳಿಗೆ, ನಾಲ್ಕು ವರ್ಷಕ್ಕೆ. ಕೆಳಗೆ ಯಾವುದು ಯಾವುದಕ್ಕೆ ಅಂತ ಅಕ್ಷರವೂ ಇದೆ. ಆದರೂ ಅಮೆರಿಕದಿಂದ ರಜೆಗೆ ಬಂದವರು ತಿಂಗಳು ಮೊದಲು ತುಂಬುತ್ತಾರೆ. ಚೆಕ್‌ಗೆ ಬದುಕು ಮೂರೇ ತಿಂಗಳು, 2012ರ ಏಪ್ರಿಲ್‌ವರೆಗೆ ಆರು ತಿಂಗಳಿತ್ತು. ಹಾಗಾಗಿ ಅಕ್ಟೋಬರ್ 2 ಅಂದುಕೊಂಡು 10-02 ಬರೆದರೆ ನಮಗೆ ಅದು ಫೆಬ್ರವರಿ 10. ಅವಧಿ ಮುಗಿದ ಚೆಕ್ ಅಂತ ವಾಪಸ್. ಆಮೇಲೆ ಕೌಂಟರಿನಲ್ಲಿ ನಮ್ಮ ಮೇಲೆ ಕೂಗಾಟ.

ಸೋಜಿಗದ ವಿಷಯ ಇನ್ನೊಂದಿದೆ. ನೀವು ಶಕ ವರ್ಷದ ತಾರೀಕು ಹಾಕಿದ ಚೆಕ್ ಕೊಟ್ಟರೂ ಬ್ಯಾಂಕು ತಗೊಳ್ಳಬೇಕು. ರಾಷ್ಟ್ರೀಯ ಪಂಚಾಂಗ ಅಂತ 1957ರ ಮಾರ್ಚ್ 22ರಿಂದ ಸರ್ಕಾರವೇ ಜಾರಿಗೆ ತಂದಿದೆ, ರಿಸರ್ವ್ ಬ್ಯಾಂಕೂ ಅದಕ್ಕೆ ಒಪ್ಪಿ ಸೂಚನೆ ಕೊಟ್ಟಿದೆ. ಮಂಜಣ್ಣನ ಆ ವಿಜಯದಶಮಿ ಆ ಲೆಕ್ಕದಲ್ಲಿ 1946ರ ಆಶ್ವಿನ 20. ನನ್ನ ಸರ್ವಿಸಿನಲ್ಲಿ ಅಂಥ ಚೆಕ್ ಒಂದೂ ಬಂದಿಲ್ಲ. ಯಾರಾದರೂ ತಂದು ಕೊಟ್ಟರೆ ಕಾಫಿ ಕೊಡಿಸುತ್ತೇನೆ.

ಸುಮ್ನೆ_ಓದುವವ
1946 ಅಂತ ಬರೆದ ಚೆಕ್ ನೋಡಿದರೆ ಮ್ಯಾನೇಜರ್ ಅದನ್ನು ಮ್ಯೂಸಿಯಂಗೆ ಕಳಿಸುತ್ತಾರೆ.

ಜೆದ್ದಾ_ನಾಪೋಕ್ಲು
ನೀವೆಲ್ಲ ದಿನ ತಿಂಗಳು ಅದಲುಬದಲಾಗಿದ್ದಕ್ಕೇ ಇಷ್ಟು ಗಲಾಟೆ ಮಾಡುತ್ತಿದ್ದೀರಿ. ಇಲ್ಲಿ ಸೌದಿಯಲ್ಲಿ ವರ್ಷವೇ ಬೇರೆ. ನಾನು ಬಂದಾಗ ಇಕಾಮಾದ (ಇಲ್ಲಿ ಇರಲು ಕೊಡುವ ಪರವಾನಗಿ) ಮೇಲೆ ಅವಧಿ ಹಿಜರಿ ತಾರೀಕಿನಲ್ಲಿ ಇತ್ತು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಅಂದರೆ ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. "ಇನ್ನೂ ವರ್ಷ ಇದೆ" ಅಂತ ಆರಾಮಾಗಿದ್ದವನಿಗೆ 11 ದಿನ ಮೊದಲೇ ಕುತ್ತಿಗೆಗೆ ಬರುತ್ತದೆ. ನಮ್ಮ ರೂಮಿನಲ್ಲಿ ಒಬ್ಬ ಹೀಗೇ ದಂಡ ಕಟ್ಟಿದ.

2016ರ ಅಕ್ಟೋಬರಿನಿಂದ ಇಲ್ಲಿನ ಸರ್ಕಾರಿ ನೌಕರರ ಸಂಬಳವನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾಯಿಸಿದರು. ಅವರಿಗೆ ವರ್ಷಕ್ಕೆ 11 ದಿನದ ಸಂಬಳ ಹೋದ ಹಾಗೆ. ನಿಮ್ಮ ರೂಮಿನ ಬಾಡಿಗೆ ಮೂರೇ ರಾತ್ರಿ ಅಲ್ವಾ ಮಂಜಣ್ಣ, ಬಿಟ್ಟುಬಿಡಿ.

ಅರಬ್ಬಿಯಲ್ಲಿ ಬಲದಿಂದ ಎಡಕ್ಕೆ ಬರೆಯುವುದು ಬೇರೆ. ದಿನ ಮೊದಲೇ, ಆದರೆ ಬಲಗಡೆ ತುದಿಯಲ್ಲಿ ಇರುತ್ತದೆ. ಎಡದಿಂದ ಓದುವ ನಮಗೆ ವರ್ಷ ಮೊದಲು ಬರೆದ ಹಾಗೆ ಕಾಣುತ್ತದೆ.

ಕೋಡಿಂಗ್_ಕುಶಾಲನಗರ
ಕಾಕಾ, ಇದು ಒಳ್ಳೆ ಮಾಹಿತಿ.

ಈಗ ನನ್ನ ಸಂಕಟ ಕೇಳಿ. ಒಂದು ಕಾಫಿ ವ್ಯಾಪಾರದ ಕಡೆಯವರು ಎಕ್ಸೆಲ್ ಶೀಟ್ ಕಳಿಸಿ "ಲಾರಿ ಲೋಡಿನ ಲೆಕ್ಕ ತಾಳೆ ಆಗ್ತಿಲ್ಲ, ನೋಡು" ಅಂದರು. ನೋಡಿದರೆ ಒಂದು ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಅಮೆರಿಕದ್ದು. 05/04 ಅಂತ ಏಪ್ರಿಲ್ 5ರ ಲೋಡು ಹಾಕಿದರೆ ಅದು ಸದ್ದಿಲ್ಲದೆ ಮೇ 4 ಮಾಡಿಕೊಂಡಿದೆ. 25/04 ಹಾಕಿದರೆ 25ನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಕು ಅಂತಲೇ ಒಪ್ಪಿಲ್ಲ. ಸುಮ್ನೆ ಅಕ್ಷರ ಅಂತ ಇಟ್ಟುಕೊಂಡಿದೆ. ಒಂದೇ ಕಾಲಮ್ಮಿನಲ್ಲಿ ಅರ್ಧ ತಪ್ಪು ತಾರೀಕು, ಅರ್ಧ ತಾರೀಕೇ ಅಲ್ಲ. ಗುರುತು ಹಿಡಿಯುವ ಉಪಾಯ: ಮಾಮೂಲಿ ಸೆಟ್ಟಿಂಗಿನಲ್ಲಿ ತಾರೀಕು ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ.

ಇದು ನಮ್ಮ ಹಣೆಬರಹ ಮಾತ್ರ ಅಲ್ಲ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಜೀನ್‌ಗಳನ್ನು ಎಕ್ಸೆಲ್ ತಾರೀಕು ಮಾಡುತ್ತಿತ್ತು. ಕೊನೆಗೆ 2020ರಲ್ಲಿ ವಿಜ್ಞಾನಿಗಳು ಸೋತು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು.

ಇದಕ್ಕೆಲ್ಲ 1988ರಲ್ಲೇ ಮದ್ದು ಬಂದಿದೆ. ಐಎಸ್ಒ 8601, ತಾರೀಕು ಬರೆಯುವ ಅಂತರರಾಷ್ಟ್ರೀಯ ಮಾನಕ. ವರ್ಷ, ತಿಂಗಳು, ದಿನ: 2024-10-12. ಚೀನಾ, ಜಪಾನ್, ಕೊರಿಯಾ, ಹಂಗೇರಿಯವರು ಮೊದಲಿಂದಲೂ ವರ್ಷ ಮೊದಲೇ ಬರೆಯುವವರು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಐಎಸ್ 7900 ಅಂತ ಇದನ್ನೇ ಒಪ್ಪಿದೆ. ಯಾರೂ ಪಾಲಿಸಲ್ಲ ಅಷ್ಟೇ. ಫೈಲಿನ ಹೆಸರಿಗೆ ಹೀಗೆ ಹಾಕಿದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ.

ನಿವೃತ್ತ_ಸುಬೇದಾರ್
ಅಷ್ಟುದ್ದ ಬರೆಯುವ ಬದಲು ತಿಂಗಳ ಹೆಸರು ಬರೆದರೆ ಆಗಲ್ವಾ?

ಕೋಡಿಂಗ್_ಕುಶಾಲನಗರ
ಸರ್, ತಿಂಗಳ ಹೆಸರು ಹಾಕಿದರೆ ಫೈಲ್‌ಗಳು ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ ಅಂತ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಕೂರುತ್ತವೆ. ಮನುಷ್ಯರಿಗೆ ನಿಮ್ಮದು, ಕಂಪ್ಯೂಟರಿಗೆ ನನ್ನದು.

ಮಳೆಲೆಕ್ಕ
ಅಮೆರಿಕದವರಿಗೆ ನಗುವ ತೋಟದವರೇ, ಸ್ವಲ್ಪ ನಿಲ್ಲಿ. ಮಳೆ ಇಂಚು, ಸೆಂಟಿನಲ್ಲಿ ಬರೆಯುವವರು ಯಾರು? ಜಾಗ ಎಕರೆಯಲ್ಲಿ ಅಳೆಯುವವರು ಯಾರು? ನೂರು ಸೆಂಟಿಗೆ ಒಂದು ಇಂಚು ಅನ್ನುವುದನ್ನು ಮೊಮ್ಮಕ್ಕಳಿಗೂ ಕಲಿಸಿದ್ದೇವೆ. ಮಿಲಿಮೀಟರ್ ಹೇಳಿದರೆ "ಅದು ಎಷ್ಟಾಯ್ತು?" ಅಂತ ಕೇಳುತ್ತೇವೆ.

ನಮ್ಮ ಅಜ್ಜನ ಮಳೆ ಪುಸ್ತಕ ಮನೆಯಲ್ಲಿದೆ. ಅದರಲ್ಲಿ ತಾರೀಕಿನ ಇನ್ನೊಂದು ತಕರಾರು. ಬೆಳಿಗ್ಗೆ ಎದ್ದು ಅಳೆದ ಮಳೆಯನ್ನು ಅಜ್ಜ ಹಿಂದಿನ ದಿನಕ್ಕೆ ಬರೆಯುತ್ತಿದ್ದರು, ಬಿದ್ದದ್ದು ನಿನ್ನೆ ಅಂತ. ಅಪ್ಪ ಅಳೆದ ದಿನಕ್ಕೇ ಬರೆಯುತ್ತಾರೆ. ಹವಾಮಾನ ಇಲಾಖೆಯೂ ಬೆಳಿಗ್ಗೆ ಎಂಟೂವರೆಗೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅವತ್ತಿನ ತಾರೀಕಿಗೇ ಹಾಕುವುದು. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ಯಾವುದು ಅಂತ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದು ದಿನದ ವ್ಯತ್ಯಾಸದ ಜಗಳ. ಬ್ಯಾಕಿಂಗ್ ನೀರು, ಅಂದರೆ ಹೂ ಅರಳಿದ ಮೇಲೆ ಕೊಡುವ ಎರಡನೇ ನೀರು, ಹಾಯಿಸುವ ದಿನ ಅದರ ಮೇಲೆ ನಿಂತಿರುತ್ತಲ್ಲ.

ಬ್ಯಾಂಕ್_ಕೌಂಟರ್
ದಿನ ಯಾವಾಗ ಶುರು ಅನ್ನುವುದೇ ದೊಡ್ಡ ತಲೆನೋವು. 2023ರ ಅಕ್ಟೋಬರಿನಲ್ಲಿ ತಲಕಾವೇರಿ ತೀರ್ಥೋದ್ಭವ ರಾತ್ರಿ 1.27ಕ್ಕೆ ಇತ್ತು. ಕೆಲವರು "17ರ ಮಧ್ಯರಾತ್ರಿ" ಅಂದರು, ಕೆಲವರು "18" ಅಂದರು. ಎರಡೂ ಸರಿ. ಸೂರ್ಯ ಹುಟ್ಟುವವರೆಗೆ ನಮಗೆ ಅದೇ ದಿನ. ಗಡಿಯಾರಕ್ಕೆ ಹನ್ನೆರಡಕ್ಕೇ ಮುಗಿಯಿತು. ನಮ್ಮ ಭಾವ ಮೈಸೂರಿನಿಂದ ಬರುವವರು 18ರ ರಾತ್ರಿಗೆ ಸಿದ್ಧವಾಗಿದ್ದರು.

ಟೊರೊಂಟೊ_ಪೊನ್ನಂಪೇಟೆ
ರಾತ್ರಿ ಬಸ್ಸಿನ ಟಿಕೆಟ್ಟೂ ಇದೇ ಕಥೆ. ಶುಕ್ರವಾರ ರಾತ್ರಿ ಹನ್ನೆರಡೂವರೆ ಬಸ್ ಅಂದರೆ ಶನಿವಾರದ ತಾರೀಕು. ಬೆಂಗಳೂರಲ್ಲಿ ಓದುವಾಗ ಇಡೀ ಒಂದು ದಿನ ತಡವಾಗಿ ಹೋಗಿ ನಿಂತ ಗೆಳತಿ ಇದ್ದಾಳೆ.

ಟೀಚರಮ್ಮ_ಸೋಮವಾರಪೇಟೆ
ಕೋಡಿಂಗ್, ನಿಮ್ಮ ಐಎಸ್ಒ ಹೊಸದಲ್ಲ ಕಣಪ್ಪ. ಪುರೋಹಿತರು ಸಂಕಲ್ಪ ಹೇಳುವುದು ಕೇಳಿದ್ದೀರಾ? ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾಸರ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಹಳೆಗನ್ನಡ ಶಾಸನಗಳಲ್ಲೂ ಶಕ ವರ್ಷ ಮೊದಲು, ಆಮೇಲೆ ಸಂವತ್ಸರ, ಮಾಸ, ತಿಥಿ. ಇವತ್ತಿನ ಪೇಪರ್ ತೆಗೆದು ನೋಡಿ, "2024ರ ಅಕ್ಟೋಬರ್ 12ರಂದು" ಅಂತ ಬರೆದಿರುತ್ತಾರೆ. ವರ್ಷ, ತಿಂಗಳು, ದಿನ. ಮಂಜುಮುಸುಕು ಅವರೂ ಮೇಲೆ "2024ರಲ್ಲಿ" ಅಂತಲೇ ಶುರು ಮಾಡಿ, ಆಮೇಲೆ "ಅಕ್ಟೋಬರ್ 12" ಅಂದಿದ್ದಾರೆ. ಕನ್ನಡದಲ್ಲಿ ವಾಕ್ಯ ಹಾಗೇ ಬರುವುದು. ದಿನ ಮೊದಲು ಬರೆಯುವ ಅಭ್ಯಾಸ ಬ್ರಿಟಿಷರ ಕಚೇರಿ ಕಾಗದದಿಂದ ನಮ್ಮ ಕೈಗೆ ಹತ್ತಿದ್ದು. ಅದನ್ನು "ಇಲ್ಲಿನ ಕ್ರಮ" ಅಂತ ಹಿಡಿದುಕೊಂಡು ಆ ಅಮೆರಿಕದವರ ಜೊತೆ ಜಗಳ ಮಾಡುತ್ತಿದ್ದೀರಲ್ಲ!

ಕೋಡಿಂಗ್_ಕುಶಾಲನಗರ
ಮೇಡಂ ಸೂಪರ್! ಅದರಲ್ಲೂ ಕೊನೆಗೆ ವಾರ ಇದೆ ನೋಡಿ. ನಾನು ಮೊದಲೇ ಹೇಳಿದ್ದು ಅದನ್ನೇ.

ಸುಮ್ನೆ_ಓದುವವ
ಹಾಗಾದರೆ ಹುಟ್ಟಿದ ತಾರೀಕೂ ಹಾಗೇ ಬರೆಯೋಣ್ವಾ? ನಮ್ಮ ದೊಡ್ಡಪ್ಪ, ದೊಡ್ಡಮ್ಮ, ಪಕ್ಕದ ಮನೆ ಅಜ್ಜ ಎಲ್ಲರದ್ದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅದನ್ನು 1/6 ಅಂತ ಬರೆದರೂ 6/1 ಅಂತ ಬರೆದರೂ ಸುಳ್ಳು ಸುಳ್ಳೇ.

ಟೀಚರಮ್ಮ_ಸೋಮವಾರಪೇಟೆ
ಮೇಷ್ಟ್ರನ್ನು ಬೈಯಬೇಡಿ. "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು" ಅಂತ ಹೇಳಿ ಬಿಟ್ಟು ಹೋದರೆ ಅವರು ಏನು ಬರೆಯಬೇಕು? ಕೊಡಗಿನಲ್ಲಿ ಯಾವ ವರ್ಷ ದೊಡ್ಡ ಮಳೆ ಬಂದಿಲ್ಲ?

ಮಂಜುಮುಸುಕು
ಎಲ್ಲ ಸರಿ, ನನ್ನ ಬಾಡಿಗೆ?

ಜೆದ್ದಾ_ನಾಪೋಕ್ಲು
ಅರ್ಧ ಅರ್ಧ.

ಟೊರೊಂಟೊ_ಪೊನ್ನಂಪೇಟೆ
ಅಡ್ವಾನ್ಸ್ ಡಿಸೆಂಬರಿನ ಲೆಕ್ಕಕ್ಕೇ ಸೇರಬೇಕು. ಅವರು ಹೇಳಿದ ದಿನ ಬಂದಿದ್ದಾರೆ, ಉಳಿದಿದ್ದಾರೆ.

ಸುಮ್ನೆ_ಓದುವವ
ಕೊಡಬೇಡಿ ಅಂತ ಮೊದಲೇ ಹೇಳಿದ್ದೇನೆ. ಟೀಚರಮ್ಮನ ಶಾಸನ ಓದಿದ ಮೇಲೂ ನನ್ನ ತೀರ್ಪು ಬದಲಾಗಿಲ್ಲ.

ನಿವೃತ್ತ_ಸುಬೇದಾರ್
ಅತಿಥಿಯ ಹತ್ತಿರ ಮೂರು ರಾತ್ರಿಗೆ ಕಿತ್ತಾಡಬೇಡ ಮಗ. ಇನ್ನು ಮುಂದಕ್ಕೆ ತಿಂಗಳನ್ನು ಅಕ್ಷರದಲ್ಲಿ ಬರೆ.

ಮಂಜುಮುಸುಕು
ಅರ್ಧ ಬಿಡುತ್ತೇನೆ ಅಂತ ಇವತ್ತು ಮೇಲ್ ಹಾಕುತ್ತೇನೆ. ಪೂರ್ತಿ ಬಿಡಲ್ಲ, ದಸರಾ ರಾತ್ರಿಯ ರೂಮು ಸುಮ್ನೆ ಅಲ್ಲ. ಬುಕಿಂಗ್ ಫಾರಂ ಕೂಡ ಹೊಸದಾಗಿ ಮಾಡಿದ್ದೇನೆ. "ಬರುವ ದಿನ: ವಾರ, ದಿನ, ತಿಂಗಳ ಹೆಸರು, ವರ್ಷ. ಚೆಕ್-ಇನ್ 1 ಪಿಎಂ, ಚೆಕ್-ಔಟ್ 12 ಎಎಂ." ಸರಿ ಇದೆಯಾ?

ಕೋಡಿಂಗ್_ಕುಶಾಲನಗರ
ಅಣ್ಣಾ, 12 ಎಎಂ ಅಂದರೆ ಮಧ್ಯರಾತ್ರಿ. ಇನ್ನು ಗಾಳಿಬೀಡಿನ ಚಳಿಗೆ ಜನರನ್ನು ಮಲಗಿದಲ್ಲಿಂದ ಎಬ್ಬಿಸಿ ಕಳಿಸ್ತೀರಾ?

ಬ್ಯಾಂಕ್_ಕೌಂಟರ್
ಅದು ಯಾವ ತಾರೀಕಿನ ಮಧ್ಯರಾತ್ರಿ ಅಂತಾನೂ ಬರೆದುಬಿಡಿ.